ಬೋರ್ಡ್ ಖಾಲಿಯಾಗದೆ ಏಳದ ಲೈನತ್ತೆ

ನಮ್ಮಪ್ಪನ ಅಕ್ಕನನ್ನು ಎಲ್ಲರೂ ಲೈನತ್ತೆ ಅನ್ನುತ್ತಾರೆ. ತಮ್ಮನ ಮಕ್ಕಳಾದ ನಾವು ಅಂದರೆ ಸರಿ, ಅತ್ತೆ ಅನ್ನುವ ಸಂಬಂಧವೇ ಇಲ್ಲದ ಪಕ್ಕದ ಮನೆಯವರೂ ಅನ್ನುತ್ತಾರೆ, ರೇಗಿಸುವ ಮೂಡಿನಲ್ಲಿದ್ದರೆ ಅವರ ಸ್ವಂತ ಗಂಡನೂ ಅನ್ನುತ್ತಾರೆ. ಇಪ್ಪತ್ತೊಂದನೇ ವಯಸ್ಸಿಗೆ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿ, ಆಳೆತ್ತರದ ಬೋರ್ಡಿನ ಮುಂದೆ ಕೂತು, ಒಂದು ತೂತಿನಿಂದ ಇನ್ನೊಂದು ತೂತಿಗೆ ದಾರದಂಥ ವೈರು, ಅವರ ಬಾಯಲ್ಲಿ ಬರೀ ದಾರ, ಚುಚ್ಚುತ್ತ ದಿನಕ್ಕೆ ನಾನೂರು ಸಲ ‘ಲೈನಲ್ಲಿರಿ’ ಅಂದವರು ಅವರು. ಅದು ನಾಲಿಗೆಗೆ ಎಷ್ಟು ಅಂಟಿಕೊಂಡಿದೆಯೆಂದರೆ ಇವತ್ತಿಗೂ ಬಾಗಿಲಲ್ಲಿ ಯಾರೋ ಬಂದು ಕರೆದರೆ ಒಳಗಿನಿಂದ ‘ಲೈನಲ್ಲಿರಿ, ಬಂದೆ’ ಅನ್ನುತ್ತಾರೆ.

ಈ ಲೈನತ್ತೆ ಐವತ್ತಾರನೇ ವಯಸ್ಸಿನಲ್ಲಿ ಹೊಸ ಕೆಲಸಕ್ಕೆ ಸೇರಿದರು. ಅದೂ ಯಾವುದು ಅಂದರೆ, ಇಲ್ಲಿ ಕೂತು ಎಲ್ಲೋ ಇರುವ ಕಂಪ್ಯೂಟರಿನ ಒಳಗೆ ಹೋಗಿ ಅದನ್ನು ರಿಪೇರಿ ಮಾಡುವ ಕೆಲಸ, ರಿಮೋಟ್ ಡೆಸ್ಕ್‌ಟಾಪ್. ನನ್ನ ಕಾಲೇಜಿನಲ್ಲಿ ಅದಕ್ಕೆ ಒಂದು ಇಡೀ ಚಾಪ್ಟರ್ ಇದೆ, ನಾನು ಎರಡು ಸಲ ಓದಿದ್ದರೂ ಅರ್ಥವಾಗಿರಲಿಲ್ಲ, ಅತ್ತೆ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಲೋಟ ಮತ್ತು ಒಂದು ಸೌಟು ಇಟ್ಟು ಮೂರು ನಿಮಿಷದಲ್ಲಿ ಹೇಳಿಕೊಟ್ಟರು.

ಮಧ್ಯದ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಎಕ್ಸ್‌ಚೇಂಜಿಗೆ ಹೊಸ ಮಿಷನ್ ಬಂತು, ದಾರ ಚುಚ್ಚುವ ಬೋರ್ಡನ್ನು ಗುಜರಿಗೆ ಹಾಕಿದರು, ಅತ್ತೆಯನ್ನು ಅರ್ಜಿ ತೆಗೆದುಕೊಳ್ಳುವ ಕೌಂಟರಿಗೆ ಕೂರಿಸಿದರು. ಇಪ್ಪತ್ತು ವರ್ಷ ಅವರು ಅಲ್ಲಿ ಕಾಗದಕ್ಕೆ ಸೀಲು ಒತ್ತಿದರು. ಕೆಲಸ ಹಗುರ, ಕುರ್ಚಿ ಮೆತ್ತಗೆ, ಎಲ್ಲ ಸರಿ, ಆದರೆ ಅವರು ಬೆಳಿಗ್ಗೆ ಎದ್ದು ಹೊರಡುವಾಗ ಮುಖದಲ್ಲಿ ಏನೂ ಇರುತ್ತಿರಲಿಲ್ಲವಂತೆ. ಹೀಗಂತ ಹೇಳಿದವರು ಮಾವ. ಮಾವ ಬಸ್ ಡಿಪೋದಲ್ಲಿ ಟೈಮ್ ಕೀಪರ್, ಯಾವ ಬಸ್ಸು ಎಷ್ಟು ನಿಮಿಷ ತಡ ಎಂದು ಬರೆಯುವುದೇ ಅವರ ಕಸುಬು, ಹೆಂಡತಿಯ ಮುಖವನ್ನೂ ಅದೇ ಕಣ್ಣಿನಿಂದ ನೋಡಿದ್ದರೋ ಏನೋ. ಅತ್ತೆ ಕೌಂಟರಿನ ಕೆಲಸ ಬಿಟ್ಟು ಕಂಪ್ಯೂಟರ್ ಕೋರ್ಸಿಗೆ ಸೇರುತ್ತೇನೆ ಅಂದಾಗ ಮನೆಯಲ್ಲಿ ನಗದೆ ಇದ್ದವರು ಅವರೊಬ್ಬರೇ. ಆ ಕ್ಲಾಸಿನಲ್ಲಿ ಅತ್ತೆಗಿಂತ ಮೇಷ್ಟ್ರೇ ಹದಿನೇಳು ವರ್ಷ ಚಿಕ್ಕವರು. ಮೊದಲ ದಿನ ಅವರು ಪಾಠ ಶುರುಮಾಡುವ ಮುಂಚೆ ಅತ್ತೆಯನ್ನು ನೋಡಿ ಎದ್ದು ನಿಂತರಂತೆ, ಇನ್‌ಸ್ಪೆಕ್ಷನ್ನಿಗೆ ಬಂದವರು ಅಂದುಕೊಂಡು.

ಕೋರ್ಸು ಮುಗಿದ ಮೇಲೆ ಸಿಕ್ಕಿದ್ದು ಒಬ್ಬ ಹಲ್ಲಿನ ಡಾಕ್ಟರ ಹತ್ತಿರ. ಆ ಡಾಕ್ಟರಿಗೆ ಒಂಬತ್ತು ಕ್ಲಿನಿಕ್ಕುಗಳು. ಒಂಬತ್ತರಲ್ಲೂ ಕಂಪ್ಯೂಟರು, ಅವುಗಳಲ್ಲಿ ಸಾವಿರಾರು ಜನರ ಹೆಸರು, ವಿಳಾಸ, ಕಾಯಿಲೆ, ಎಕ್ಸ್‌ರೇ. ಅವೆಲ್ಲ ಬಂದು ಕೂಡುವ ದೊಡ್ಡ ಕಂಪ್ಯೂಟರು ಮುಖ್ಯ ಕ್ಲಿನಿಕ್ಕಿನ ಮಹಡಿಯ ಮೇಲೆ. ಅದರ ಪಕ್ಕದ ಕೋಣೆಯಲ್ಲಿ ಇಬ್ಬರು ಕೂತು ಒಂಬತ್ತೂ ಕಡೆಯ ತೊಂದರೆಗಳನ್ನು ದೂರದಿಂದಲೇ ಸರಿಮಾಡಬೇಕು. ಕೋಣೆಗೆ ಒಂದೇ ಕಿಟಕಿ, ಗೋಡೆಯೊಳಗೆಲ್ಲ ಲವಂಗದೆಣ್ಣೆಯ ವಾಸನೆ, ಕೆಳಗೆ ಡ್ರಿಲ್ ಶುರುವಾದರೆ ಮೇಜಿನ ಮೇಲಿನ ಟೀ ಲೋಟದಲ್ಲಿ ಸಣ್ಣ ಸಣ್ಣ ಅಲೆ. ಕೆಲಸ ಮೂರು ತಿಂಗಳ ಟ್ರಯಲ್. ಮೂರು ತಿಂಗಳಾದ ಮೇಲೆ ಇಟ್ಟುಕೊಳ್ಳುವುದೋ ಕಳಿಸುವುದೋ ಡಾಕ್ಟರು ಹೇಳುತ್ತಾರೆ. ಮೊದಲ ದಿನ ಸಾಯಂಕಾಲ ಅತ್ತೆ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಮಾವನಿಗೆ ಅಂದರಂತೆ, “ರೀ, ನಂಗೆ ಮತ್ತೆ ಬೋರ್ಡು ಸಿಕ್ತು. ಈ ಸಲ ಬಿಡಲ್ಲ.”

ಲೋಟ ಮತ್ತು ಸೌಟಿನ ಪಾಠ ಹೀಗಿತ್ತು. ಈ ಲೋಟ ನಮ್ಮ ಕಂಪ್ಯೂಟರು, ಆ ಲೋಟ ಕ್ಲಿನಿಕ್ಕಿನದು. ಎರಡೂ ಅವರವರ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತಿವೆ, ಹೊರಗಿನವರು ನೇರವಾಗಿ ಒಳಗೆ ನುಗ್ಗುವ ಹಾಗಿಲ್ಲ. ಹಾಗಾಗಿ ಎರಡೂ ತಾವಾಗಿಯೇ ಎದ್ದು ಮಧ್ಯದಲ್ಲಿರುವ ಇನ್ನೊಂದು ಕಂಪ್ಯೂಟರಿಗೆ, ಅಂದರೆ ಸೌಟಿಗೆ, ಫೋನ್ ಮಾಡುತ್ತವೆ. ಅದು ಎರಡೂ ಲೈನನ್ನು ಸೇರಿಸುತ್ತದೆ. ಆಮೇಲೆ ಅಲ್ಲಿಂದ ಬರುವುದು ಪರದೆಯ ಚಿತ್ರ, ಅದೂ ಪೂರ್ತಿ ಅಲ್ಲ, ಬದಲಾದ ತುಂಡುಗಳು ಮಾತ್ರ. ಇಲ್ಲಿಂದ ಹೋಗುವುದು ಮೌಸು ಎಷ್ಟು ಅಲ್ಲಾಡಿತು, ಯಾವ ಕೀ ಒತ್ತಿದರು ಎನ್ನುವುದಷ್ಟೇ. ಫೈಲುಗಳು ಇದ್ದ ಜಾಗದಲ್ಲೇ ಇರುತ್ತವೆ. ಹಾಗಾದರೆ ಮಧ್ಯದ ಸೌಟು ಎಲ್ಲ ಓದಿಕೊಳ್ಳುವುದಿಲ್ಲವಾ ಅಂತ ನಾನು ಕೇಳಿದೆ. ಅತ್ತೆಯ ಮುಖ ಅರಳಿಬಿಟ್ಟಿತು.

“ಅದೇ ಕಣೇ ಚೆಂದ. ಆ ತುದೀದು ಈ ತುದೀದು ಎರಡೂ ಸೇರಿ ಮೊದ್ಲೇ ಒಂದು ಬೀಗ ಒಪ್ಕೊಂಡಿರ್ತವೆ, ಕೀಲಿ ಅವೆರಡರ ಹತ್ರ ಮಾತ್ರ. ನಮ್ಮ ಕಾಲದಲ್ಲಿ ಬೋರ್ಡಿನ ಹುಡುಗಿ ಕೇಳಿಸ್ಕೋಬಾರ್ದು ಅಂತ ರೂಲ್ ಇತ್ತು. ಈಗ ಕೇಳಿಸ್ಕೊಂಡ್ರೂ ಒಂದಕ್ಷರ ಅರ್ಥ ಆಗದ ಹಾಗೆ ಮಾಡಿಟ್ಟಿದ್ದಾರೆ.”

ಆದರೆ ಬೀಗ ಎಷ್ಟೇ ಗಟ್ಟಿಯಿದ್ದರೂ ಎರಡು ತುದಿಯಲ್ಲಿ ಕೂತವರು ಮನುಷ್ಯರೇ, ಅತ್ತೆಯ ಚಿಂತೆ ಪೂರ್ತಿ ಅಲ್ಲಿತ್ತು. ಎಕ್ಸ್‌ಚೇಂಜಿನಲ್ಲಿ ಬೇರೆ ಊರಿಗೆ ಟ್ರಂಕ್ ಕಾಲ್ ಬುಕ್ ಮಾಡಿದವರು ಫೋನು ಇಟ್ಟುಬಿಡಬೇಕಿತ್ತು. ಆಮೇಲೆ ಎಕ್ಸ್‌ಚೇಂಜಿನವರೇ ಅವರ ನಂಬರಿಗೆ ವಾಪಸ್ ಫೋನ್ ಮಾಡುತ್ತಿದ್ದರು. ಇನ್ನೊಬ್ಬರ ಹೆಸರು ಹೇಳಿ ಬುಕ್ ಮಾಡಿದರೆ ಫೋನು ಆ ಇನ್ನೊಬ್ಬರ ಮನೆಯಲ್ಲೇ ರಿಂಗಾಗುತ್ತಿತ್ತು, ಅಲ್ಲಿಗೆ ಮೋಸ ಖತಂ. ಅತ್ತೆ ಅದನ್ನೇ ಇಲ್ಲಿಗೂ ತಂದರು. ಯಾರೇ ಕರೆ ಮಾಡಿ ‘ಕಂಪ್ಯೂಟರ್ ನಿಂತಿದೆ, ಒಳಗೆ ಬನ್ನಿ’ ಅಂದರೂ ಅತ್ತೆ ‘ಇಡಿ, ನಾನೇ ಮಾಡ್ತೀನಿ’ ಅಂದು ಇಟ್ಟು, ಮೇಜಿನ ಮೇಲಿನ ಡಬ್ಬದಲ್ಲಿ ಒಬ್ಬೊಬ್ಬರಿಗೂ ಮಾಡಿಟ್ಟ ಕಾರ್ಡಿನಲ್ಲಿ ಬರೆದಿರುವ ಕ್ಲಿನಿಕ್ಕಿನ ನಂಬರಿಗೆ ತಾವೇ ಮಾಡುವುದು. ಒಳಗೆ ಬಿಡಲು ಅವರ ಪರದೆಯ ಮೇಲೆ ಬಂದ ಒಂಬತ್ತಂಕಿಯನ್ನು ಅವರು ಓದಿದರೆ ಅತ್ತೆ ತಿರುಗಿ ಓದಿ ಒಪ್ಪಿಸುವುದು. ಒಳಗೆ ಹೋದ ಮೇಲೆ ‘ಈಗ ಮೌಸಿನಿಂದ ಕೈ ತೆಗೀರಿ’ ಅನ್ನುವುದು, ಯಾಕೆಂದರೆ ಇಬ್ಬರೂ ಹಿಡಿದರೆ ಬಾಣದ ಗುರುತು ಅಲ್ಲಿಗೂ ಇಲ್ಲಿಗೂ ಎಳೆದಾಡುತ್ತದೆ. ಏಳನೇ ಕ್ಲಿನಿಕ್ಕಿನ ರಿಸೆಪ್ಷನಿಸ್ಟು ಒಮ್ಮೆ ಕಂಪ್ಯೂಟರಿಗೆ ಏನೋ ಮೆಟ್ಟಿಕೊಂಡಿದೆ ಅಂತ ಕುರ್ಚಿ ಬಿಟ್ಟು ಎದ್ದುಹೋಗಿದ್ದರು, ಬಾಣವನ್ನು ಇಲ್ಲಿಂದ ಎಳೆಯುತ್ತಿದ್ದವರು ಅತ್ತೆ. ಕೆಲಸ ಮುಗಿದ ಮೇಲೆ ‘ನಾನು ಇಳಿದೆ, ನಿಮ್ಮ ಕಡೆ ನೋಡಿ ಹೇಳಿ’ ಅನ್ನುವುದು. ಅವರು ನೋಡಿ ಹೌದು ಅನ್ನುವವರೆಗೂ ಫೋನು ಇಡುವುದಿಲ್ಲ.

ಹೀಗೆಲ್ಲ ಮಾಡಿದರೆ ಒಂದು ಕರೆಗೆ ಹನ್ನೊಂದು ನಿಮಿಷ ಆಗುತ್ತದೆ. ಕೋಣೆಯಲ್ಲಿದ್ದ ಇನ್ನೊಬ್ಬರಿಗೆ ಆರೇ ನಿಮಿಷ. ಅವರಿಗೆ ಅತ್ತೆ ಇಟ್ಟ ಹೆಸರೇ ಆರ್ನಿಮಿಷ. ಐದು ವರ್ಷದ ಅನುಭವ, ಕೈ ಬಹಳ ಚುರುಕು, ಒಳ್ಳೆ ಮನುಷ್ಯ. ಧ್ವನಿ ಕೇಳಿದರೆ ಸಾಕು, ಒಳಗೆ ಹೋಗಿ ಸರಿಮಾಡಿ ಹೊರಗೆ ಬಂದುಬಿಡುತ್ತಿದ್ದರು. ಗೋಡೆಯ ಮೇಲೆ ಒಂದು ಚಾರ್ಟ್ ಇತ್ತು, ವಾರಕ್ಕೊಮ್ಮೆ ಡಾಕ್ಟರು ಬಂದು ಇಬ್ಬರ ನಿಮಿಷಗಳನ್ನು ಅದರಲ್ಲಿ ಬರೆಸುತ್ತಿದ್ದರು, ಆರರ ಪಕ್ಕ ಹನ್ನೊಂದು ಮೂರು ತಿಂಗಳು ಮುಗಿಯುತ್ತ ಬಂದರೂ ಅಲ್ಲಾಡದೆ ನಿಂತಿತ್ತು. ಡಾಕ್ಟರು ಬೈದವರಲ್ಲ. ಸೋಮವಾರಕ್ಕೆ ಮೂರು ತಿಂಗಳಾಗುತ್ತೆ ಮೇಡಂ, ಅಷ್ಟರಲ್ಲಿ ಎಂಟಕ್ಕಾದರೂ ಬರಲಿ ಅಂತ ಮೆತ್ತಗೆ ಹೇಳಿ ಹೋಗಿದ್ದರು. ಮಾವ ಮನೆಯಲ್ಲಿ ಕಾಲೆಳೆದರು: “ನಮ್ಮ ಡಿಪೋದಲ್ಲಿ ಐದು ನಿಮಿಷ ತಡ ಆದ್ರೆ ಮೆಮೋ ಕೊಡ್ತೀವಿ. ನಿನ್ನ ಬಸ್ಸು ದಿನಾ ತಡ ಕಣೇ.” ಅದಕ್ಕೆ ಅತ್ತೆ, “ನಿಮ್ಮ ಬಸ್ಸಿನ ಬ್ರೇಕ್ ನೋಡೋಕೆ ಎಷ್ಟು ನಿಮಿಷ ಕೊಡ್ತೀರಿ ಅದನ್ನ ಹೇಳಿ ಮೊದ್ಲು” ಅಂದರಂತೆ. ಮಾವ ಪೇಪರು ಬಿಡಿಸಿದರು.

ಅತ್ತೆಗೆ ಇನ್ನೂ ಒಂದು ಅಭ್ಯಾಸ ಇತ್ತು, ಆರ್ನಿಮಿಷ ಅದಕ್ಕೆ ತುಂಬ ನಗುತ್ತಿದ್ದರು. ಎಕ್ಸ್‌ಚೇಂಜಿನಲ್ಲಿ ಪಾಳಿ ಮುಗಿಸಿ ಏಳುವಾಗ ಬೋರ್ಡಿನ ಮೇಲೆ ಒಂದು ದಾರವೂ ನೇತಾಡುತ್ತಿರಬಾರದು. ಮಾತು ಮುಗಿದಿದ್ದರೂ ದಾರ ಕೀಳದಿದ್ದರೆ ಲೈನು ತೆರೆದೇ ಇರುತ್ತದೆ, ಯಾರು ಬೇಕಾದರೂ ಅದರಲ್ಲಿ ಸೇರಿಕೊಳ್ಳಬಹುದು. ಹಾಗಾಗಿ ಅತ್ತೆ ದಿನಾ ಐದೂಕಾಲಿಗೆ ದೊಡ್ಡ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೆಗೆಯುತ್ತಿದ್ದರು. ಈಗ ಒಳಗೆ ಯಾರ್ಯಾರಿದ್ದಾರೆ, ಎಲ್ಲಿಂದ ಬಂದಿದ್ದಾರೆ, ಎಷ್ಟು ಹೊತ್ತಿನಿಂದ ಸುಮ್ಮನಿದ್ದಾರೆ, ಎಲ್ಲ ಅದರಲ್ಲಿ ಕಾಣುತ್ತದೆ. ಒಬ್ಬೊಬ್ಬರಿಗೂ ಫೋನು ಮಾಡಿ, ಕೆಲಸ ಆಯ್ತಾ, ಸರಿಯಾಗಿ ಲಾಗೌಟ್ ಮಾಡಿ ಅಂತ ಹೇಳಿ, ಪಟ್ಟಿ ಖಾಲಿಯಾದ ಮೇಲೇ ಎದ್ದು ಬ್ಯಾಗು ತಗುಲಿಸಿಕೊಳ್ಳುವುದು. ಆರ್ನಿಮಿಷ ಅಷ್ಟು ಹೊತ್ತಿಗೆ ಮೆಟ್ಟಿಲಿನ ಮೇಲಿರುತ್ತಿದ್ದರು.

ಇನ್ನು ಆ ಶನಿವಾರಕ್ಕೆ ಬರುತ್ತೇನೆ.

ಡಾಕ್ಟರು ಬೇರೆ ಊರಿನ ಹೋಟೆಲೊಂದರಲ್ಲಿ ನಡೆಯುತ್ತಿದ್ದ ಹಲ್ಲಿನ ಡಾಕ್ಟರುಗಳ ಸಭೆಗೆ ಹೋಗಿದ್ದರು. ಅಲ್ಲಿ ಅವರು ತೋರಿಸಬೇಕಿದ್ದ ಎಕ್ಸ್‌ರೇಗಳೆಲ್ಲ ಇಲ್ಲಿನ ದೊಡ್ಡ ಕಂಪ್ಯೂಟರಿನಲ್ಲಿ. ಮಧ್ಯಾಹ್ನ ಎರಡೂಕಾಲಿಗೆ ಫೋನು ಬಂತು, ಎತ್ತಿದ್ದು ಅತ್ತೆ. ಡಾಕ್ಟರೇ. ಬೆಳಿಗ್ಗೆ ಅವರ ಮೊಬೈಲು ಕೈಜಾರಿ ನೆಲಕ್ಕೆ ಬಿದ್ದು ಸತ್ತಿತ್ತು, ಅದಕ್ಕೇ ಹೋಟೆಲಿನ ಕೆಳಗಿನ ಹಾಲಿನಲ್ಲಿ, ಬಂದವರೆಲ್ಲ ಬಳಸುವ ಕಂಪ್ಯೂಟರಿನ ಮುಂದೆ ಕೂತಿದ್ದೇನೆ ಅಂತ ಹೋಟೆಲಿನ ಫೋನಿನಿಂದ ಮಾತಾಡುತ್ತಿದ್ದರು. ಹೊರಗಿನಿಂದ ದೊಡ್ಡ ಕಂಪ್ಯೂಟರಿನೊಳಗೆ ಬರಬೇಕಾದರೆ ಪಾಸ್‌ವರ್ಡಿನ ಜೊತೆಗೆ ಆರಂಕಿಯ ಕೋಡು ಬೇಕು, ಅದು ಬರುವುದು ಅದೇ ಸತ್ತ ಮೊಬೈಲಿಗೆ. ಮೊಬೈಲು ಇಲ್ಲದಿದ್ದರೆ ಅತ್ತೆಯ ಕೋಣೆಯಿಂದ ಒಂದು ಸಲಕ್ಕೆ ಆಗುವ ಕೋಡು ಕೊಡಬಹುದು, ಆದರೆ ಕಾರ್ಡಿನಲ್ಲಿರುವ ನಂಬರಿಗೆ ವಾಪಸ್ ಫೋನ್ ಮಾಡಿ ಖಚಿತ ಮಾಡಿಕೊಂಡು ಮಾತ್ರ. ಇದು ಅತ್ತೆ ಹುಟ್ಟಿಸಿದ ರೂಲಲ್ಲ, ಸಾಫ್ಟ್‌ವೇರ್ ಹಾಕಿದವರು ಕೊಟ್ಟುಹೋದ ಫೈಲಿನಲ್ಲೇ ಇತ್ತು. ಆ ಫೈಲನ್ನು ಬಿಚ್ಚಿ ಓದಿದವರು ಅತ್ತೆ ಒಬ್ಬರೇ.

ಡಾಕ್ಟರ ಕಾರ್ಡಿನಲ್ಲಿ ಎರಡು ನಂಬರು, ಒಂದು ಸತ್ತ ಮೊಬೈಲಿನದು, ಇನ್ನೊಂದು ಮನೆಯದು. ಹೋಟೆಲಿನಲ್ಲಿ ಕೂತವರಿಗೆ ಎರಡೂ ಉಪಯೋಗವಿಲ್ಲ. ಅತ್ತೆ ಕೊಡುವುದಕ್ಕಾಗುವುದಿಲ್ಲ ಅಂದರು.

“ಮೇಡಂ, ನನ್ನ ಧ್ವನಿ ಗೊತ್ತಾಗ್ತಿಲ್ವಾ ನಿಮಗೆ?”

“ಗೊತ್ತಾಗ್ತಿದೆ ಸರ್. ನೀವೇ. ಆದ್ರೆ ಧ್ವನಿಗೆ ನಾನು ಕೋಡ್ ಕೊಡಲ್ಲ, ನಂಬರಿಗೆ ಕೊಡ್ತೀನಿ.”

“ಅರ್ಧ ಗಂಟೇಲಿ ನಾನು ಸ್ಟೇಜ್ ಮೇಲಿರ್ಬೇಕು.”

ಎಕ್ಸ್‌ರೇಗಳ ಹೆಸರು ಹೇಳಿದರೆ, ರೋಗಿಗಳ ಹೆಸರು ಅಳಿಸಿ ಸಭೆಯವರ ಆಫೀಸಿಗೆ ಕಳಿಸುತ್ತೇನೆ, ಹದಿನೈದು ನಿಮಿಷ ಕೊಡಿ ಅಂತ ಅತ್ತೆ ಕೇಳಿದರು. ಡಾಕ್ಟರಿಗೆ ಹದಿನೈದು ನಿಮಿಷ ಅನ್ನುವ ಮಾತು ಕೇಳಿಯೇ ಮೈ ಉರಿಯಿತು ಅಂತ ಕಾಣುತ್ತದೆ. ಪಕ್ಕದವರಿಗೆ ಫೋನು ಕೊಡಿ ಅಂದರು. ಆರ್ನಿಮಿಷ ಫೋನು ತೆಗೆದುಕೊಂಡು, ಹೂಂ ಸರ್, ಬರ್ಕೊಳ್ಳಿ ಸರ್ ಅಂತ ಕೋಡು ಹೇಳಿದರು. ಆರು ನಿಮಿಷ ಕೂಡ ಆಗಲಿಲ್ಲ. ಇಡುವ ಮುಂಚೆ ಡಾಕ್ಟರು ಅವರ ಕೈಲೇ ಹೇಳಿಕಳಿಸಿದರು: ನಾಲ್ಕೂವರೆಗೆ ನನ್ನ ಟ್ರೈನು, ಸೋಮವಾರ ಬೆಳಿಗ್ಗೆ ಬಂದು ಮೇಡಂ ಹತ್ತಿರ ಮಾತಾಡ್ತೀನಿ.

ಸೋಮವಾರ ಮಾತಾಡುತ್ತೇನೆ ಎಂದರೆ ಏನೆಂದು ಕೋಣೆಯಲ್ಲಿ ಇಬ್ಬರಿಗೂ ಗೊತ್ತಿತ್ತು. ಆರ್ನಿಮಿಷ ಪಾಪ, ಒಂದು ಟೀ ತರಿಸಿ ಅತ್ತೆಯ ಮುಂದಿಟ್ಟರು. ನಾನು ಕೊಡದಿದ್ದರೆ ನನ್ನನ್ನೂ ಕಳಿಸುತ್ತಿದ್ದರು ಆಂಟಿ ಅಂದರು. ಅತ್ತೆ ಟೀ ಕುಡಿದು, ನಾಲ್ಕನೇ ಕ್ಲಿನಿಕ್ಕಿನ ಪ್ರಿಂಟರಿಗೆ ಎಂದಿನ ಹಾಗೆ ಹನ್ನೊಂದು ನಿಮಿಷ ತೆಗೆದುಕೊಂಡರು.

ಐದೂಕಾಲಿಗೆ ಪಟ್ಟಿ ತೆಗೆದರು. ಕ್ಲಿನಿಕ್ಕುಗಳೆಲ್ಲ ಹೊರಗೆ ಹೋಗಿದ್ದವು. ಉಳಿದಿದ್ದು ಒಂದೇ ಹೆಸರು, ಡಾಕ್ಟರದ್ದು. ಬಂದದ್ದು ಹೋಟೆಲಿನ ಕಂಪ್ಯೂಟರಿನಿಂದ, ಸಂಪರ್ಕ ಕಡಿದಿದೆ, ಆದರೆ ಸೆಷನ್ ಮುಗಿದಿಲ್ಲ. ಏನಾಗಿದೆ ಅಂತ ಅತ್ತೆಗೆ ತಕ್ಷಣ ಹೊಳೆಯಿತು. ಭಾಷಣ ಮುಗಿಸಿ ಬಂದ ಡಾಕ್ಟರು ಲಾಗೌಟ್ ಮಾಡಿರಲಿಲ್ಲ, ಮೂಲೆಯ ಗುಣಾಕಾರದ ಚಿಹ್ನೆ ಒತ್ತಿ ಟ್ರೈನಿಗೆ ಓಡಿದ್ದರು. ಹಾಗೆ ಮಾಡಿದರೆ ಅಲ್ಲಿ ಚಿತ್ರ ಮಾತ್ರ ಮಾಯವಾಗುತ್ತದೆ, ಇಲ್ಲಿ ದೊಡ್ಡ ಕಂಪ್ಯೂಟರಿನೊಳಗೆ ಅವರ ಕುರ್ಚಿ, ಅವರ ತೆರೆದ ಫೈಲು, ಎಲ್ಲ ಹಾಗೇ ಕಾದು ಕೂತಿರುತ್ತವೆ, ಅದೇ ಕಂಪ್ಯೂಟರಿನಿಂದ ಮತ್ತೆ ತೆರೆದರೆ ಹೊಸ ಕೋಡೂ ಕೇಳುವುದಿಲ್ಲ. ಮಾತು ಮುಗಿದಿದೆ, ದಾರ ಕಿತ್ತಿಲ್ಲ.

ಕೀಳಬೇಕು ಅಂತ ಅತ್ತೆ ಬೆರಳು ಚಾಚಿದ್ದರು. ಅಷ್ಟರಲ್ಲಿ ಅವರ ಕಣ್ಣೆದುರೇ ಆ ಸಾಲು ಬದಲಾಯಿತು. ಕಡಿದಿದೆ ಅಂತ ಇದ್ದದ್ದು ಚಾಲನೆಯಲ್ಲಿದೆ ಅಂತಾಯಿತು. ಸುಮ್ಮನಿದ್ದ ಹೊತ್ತು ಸೊನ್ನೆಗೆ ಬಂತು. ಅದೇ ಹೋಟೆಲು, ಅದೇ ಕಂಪ್ಯೂಟರು. ಯಾರೋ ಡಾಕ್ಟರ ಕುರ್ಚಿಯಲ್ಲಿ ಕೂತಿದ್ದರು.

ಅತ್ತೆ ಕರೆದ ರೀತಿಗೆ ಮೆಟ್ಟಿಲಿಳಿಯುತ್ತಿದ್ದ ಆರ್ನಿಮಿಷ ವಾಪಸ್ ಓಡಿಬಂದರು. ಡಾಕ್ಟರೇ ಇರಬಹುದು, ಟ್ರೈನು ತಡವಾಗಿ ವಾಪಸ್ ಬಂದು ಕೆಲಸ ಮಾಡುತ್ತಿರಬಹುದು, ಈಗ ಕಿತ್ತರೆ ಒಂದೇ ದಿನದಲ್ಲಿ ಎರಡನೇ ಸಲ ಅವರನ್ನು ತಡೆದ ಹಾಗಾಗುತ್ತದೆ ಅಂದರು ಆರ್ನಿಮಿಷ. ಅತ್ತೆ ಡಾಕ್ಟರ ಮೊಬೈಲಿಗೆ ಮಾಡಿದರು, ಸತ್ತದ್ದು ಸತ್ತೇ ಇತ್ತು. ಹೋಟೆಲಿಗೆ ಮಾಡಿದರು, ಎಂಗೇಜ್. ಮತ್ತೆ ಮಾಡಿದರು, ಎಂಗೇಜ್. ಗಡಿಯಾರದಲ್ಲಿ ಐದು ಹದಿನೇಳು.

“ಆಂಟಿ, ಆ ಸೆಷನ್ ಒಳಗೆ ಇಣುಕಿ ನೋಡೋಣ. ಏನು ಮಾಡ್ತಿದ್ದಾರೆ ಅಂತ ಕಂಡ್ರೆ ಯಾರು ಅಂತ ಗೊತ್ತಾಗುತ್ತೆ. ಅವರಿಗೆ ಗೊತ್ತೂ ಆಗಲ್ಲ.”

ಇದನ್ನು ನನಗೆ ಹೇಳಿದ್ದು ಆರ್ನಿಮಿಷವೇ. ಅತ್ತೆ ಅವರನ್ನು ತಿರುಗಿ ನೋಡಿದರಂತೆ, ಇಪ್ಪತ್ತೊಂದರ ಹುಡುಗಿಯನ್ನು ಬೋರ್ಡಿನ ಮುಂದೆ ಕೂರಿಸುವ ಮೊದಲು ಯಾರೋ ಹಿರಿಯ ಹೆಂಗಸು ನೋಡಿರಬಹುದಾದ ನೋಟ.

“ಕದ್ದು ಕೇಳೋ ಅಧಿಕಾರ ನಮಗೆ ಯಾವತ್ತೂ ಇರ್ಲಿಲ್ಲಪ್ಪ. ಕೀಳೋ ಅಧಿಕಾರ ಇದೆ.”

ಕಿತ್ತರು. ಸಾಲು ಮಾಯವಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಡಾಕ್ಟರು ಮನೆ ಸೇರಿ ಇನ್ನೊಂದು ಕೋಡು ಕೇಳಿ ಮತ್ತೆ ಒಳಬರಬಹುದಿತ್ತು, ಸಿಟ್ಟೂ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಆ ಹೋಟೆಲಿನ ಕಂಪ್ಯೂಟರು ಪಾಸ್‌ವರ್ಡು ನೆನಪಿಟ್ಟುಕೊಂಡಿದ್ದರೆ? ಅತ್ತೆ ಡಾಕ್ಟರ ಅಕೌಂಟಿಗೇ ಬೀಗ ಹಾಕಿದರು. ಇನ್ನು ಡಾಕ್ಟರು ಮನೆಗೆ ಬಂದು ತಮ್ಮದೇ ಕಂಪ್ಯೂಟರಿನಲ್ಲಿ ಕೂತರೂ ಒಳಗೆ ಹೋಗುವಂತಿಲ್ಲ. ಆರ್ನಿಮಿಷ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತರು.

ಮೂರನೇ ಸಲಕ್ಕೆ ಹೋಟೆಲಿನ ಫೋನು ಹತ್ತಿತು. ಕೆಳಗಿನ ಹಾಲಿನಲ್ಲಿ, ಬಂದವರೆಲ್ಲ ಬಳಸುವ ಕಂಪ್ಯೂಟರಿದೆಯಲ್ಲ, ಅಲ್ಲಿ ಯಾರು ಕೂತಿದ್ದಾರೆ ಅಂತ ಅತ್ತೆ ಕೇಳಿದರು. ಆ ಕಡೆಯ ಹುಡುಗಿ ಕತ್ತು ಚಾಚಿ ನೋಡಿ ಹೇಳಿದಳು: “ಯಾರೋ ವಯಸ್ಸಾದೋರು ಮೇಡಂ, ಟಿಕೆಟ್ ಪ್ರಿಂಟ್ ಮಾಡ್ಕೊಳ್ಳೋಕೆ ಬಂದ್ರು. ಏನೋ ಒತ್ತಿದ್ರಂತೆ, ಹಲ್ಲಿನ ಫೋಟೋಗಳು ಬಂದ್ವಂತೆ. ಒಂದೊಂದೇ ತೆಗೆದು ನೋಡ್ತಾ ಇದ್ರು. ಈಗ ನಿಂತ್ಹೋಯ್ತು ಅಂತ ಬೇಜಾರು ಮಾಡ್ಕೊಂಡಿದ್ದಾರೆ.”

ಕಳ್ಳನೂ ಇಲ್ಲ ಸುಳ್ಳನೂ ಇಲ್ಲ, ಕನ್ನಡಕ ಹಾಕಿಕೊಂಡ ಒಬ್ಬ ಅಜ್ಜ. ಆದರೆ ಆ ಅಜ್ಜನ ಬೆರಳಿನ ಕೆಳಗೆ ಒಂಬತ್ತು ಕ್ಲಿನಿಕ್ಕಿನ ಜನರ ಹೆಸರು, ಕಾಯಿಲೆ, ವಿಳಾಸ ಎಲ್ಲ ಮೂರು ನಿಮಿಷ ತೆರೆದಿದ್ದವು. ಅಜ್ಜನ ಬದಲು ಇನ್ಯಾರಾದರೂ ಆಗಿದ್ದರೆ, ಅಥವಾ ಅಜ್ಜನೇ ತಪ್ಪಿ ಅಳಿಸುವ ಬಟನ್ ಒತ್ತಿದ್ದರೆ, ಸೋಮವಾರ ಆ ಜನರಿಗೆ ಯಾರು ಉತ್ತರ ಕೊಡುತ್ತಿದ್ದರು? ಅತ್ತೆ ಆ ಹುಡುಗಿಯನ್ನು ಲೈನಿನಲ್ಲೇ ಇಟ್ಟುಕೊಂಡು, ಬ್ರೌಸರಿನಲ್ಲಿ ಉಳಿದಿದ್ದ ಡಾಕ್ಟರ ಗುರುತುಗಳನ್ನೆಲ್ಲ ಒಂದೊಂದಾಗಿ ಅಳಿಸಿಹಾಕಿಸಿದರು. ಕೊನೆಗೆ ಅಜ್ಜನ ಟಿಕೆಟ್ಟು ಹೇಗೆ ಪ್ರಿಂಟ್ ಮಾಡುವುದು ಅಂತಲೂ ಹೇಳಿಕೊಟ್ಟರು. ಹೋಟೆಲಿನ ಹುಡುಗಿ ಥ್ಯಾಂಕ್ಸ್ ಮೇಡಂ ಅಂದಳು. ಪಟ್ಟಿ ಖಾಲಿ ಇತ್ತು. ಅತ್ತೆ ಬ್ಯಾಗು ತಗುಲಿಸಿಕೊಂಡು ಎದ್ದರು.

ಆ ಭಾನುವಾರ ನಾವೆಲ್ಲ ಅತ್ತೆಯ ಮನೆಯಲ್ಲಿದ್ದೆವು. ಸಾಯಂಕಾಲದ ಹೊತ್ತಿಗೆ ಡಾಕ್ಟರ ಮನೆಯಿಂದ ಎರಡು ಸಲ ಫೋನು ಬಂತು, ಆರ್ನಿಮಿಷಕ್ಕೆ, ಅವರು ಅತ್ತೆಗೆ ಮಾಡಿ, ಅಕೌಂಟು ಬಿಚ್ಚಿಬಿಡಲಾ ಆಂಟಿ ಅಂತ ಕೇಳಿದರು. ಹೋಟೆಲಿನಲ್ಲಿ ಟೈಪ್ ಮಾಡಿದ ಹಳೇ ಪಾಸ್‌ವರ್ಡು ಬದಲಾಗುವವರೆಗೆ ಬೇಡ, ಬೆಳಿಗ್ಗೆ ಅವರು ಬಂದಾಗ ಎದುರಿಗೇ ಮಾಡೋಣ ಅಂದರು ಅತ್ತೆ. ಅಪ್ಪ ಅಕ್ಕನಿಗೆ ಬುದ್ಧಿ ಹೇಳಲು ನೋಡಿದರು. ಒಂದು ಸಲ ಸಾರಿ ಅಂದುಬಿಡು, ಕೆಲಸ ಉಳಿಯುತ್ತೆ, ನಿನಗೂ ಅದು ಬೇಕಲ್ಲ ಅಂದರು. ಅತ್ತೆ ಒಗೆದ ಬಟ್ಟೆ ಮಡಚುತ್ತ ಹೇಳಿದರು: “ಬೇಕು. ತುಂಬಾ ಬೇಕು. ಅದಕ್ಕೇ ಸಾರಿ ಅನ್ನಲ್ಲ. ಸಾರಿ ಅಂದು ಉಳಿಸ್ಕೊಂಡ್ರೆ ನಾಳೆಯಿಂದ ನಾನು ಬರೀ ದಾರ ಚುಚ್ಚೋಳಾಗ್ತೀನಿ ಕಣೋ.” ಮಾವ ಪೇಪರಿನ ಹಿಂದಿನಿಂದಲೇ, ಬಸ್ಸು ತಡವಾದ್ರೂ ಊರು ಸೇರುತ್ತೆ ಬಿಡು ಅಂದರು.

ಸೋಮವಾರ ಒಂಬತ್ತೂವರೆಗೆ ಡಾಕ್ಟರು ಮಹಡಿ ಹತ್ತಿ ಬಂದರು. ಕೋಟು ಇನ್ನೂ ಹಾಕಿರಲಿಲ್ಲ, ಕೈಯಲ್ಲಿ ಹೊಸ ಮೊಬೈಲಿತ್ತು. ಶನಿವಾರ ನಡೆದದ್ದನ್ನು ಅತ್ತೆ ಒಂದು ಹಾಳೆಯಲ್ಲಿ ಬರೆದು ಇಟ್ಟಿದ್ದರು, ಎಷ್ಟು ಗಂಟೆಗೆ ಏನಾಯಿತು ಅಷ್ಟೇ, ಐದೂಕಾಲಿನ ಪಟ್ಟಿಯ ಮುಂದೆ ‘ಬೋರ್ಡ್ ಖಾಲಿ ಮಾಡುವುದು’ ಅಂತಿತ್ತು, ಕೋಡು ಕೊಟ್ಟವರ ಹೆಸರು ಅದರಲ್ಲಿರಲಿಲ್ಲ. ಕೋಡು ಕೊಟ್ಟಿದ್ದು ನಾನು ಸರ್ ಅಂತ ಆರ್ನಿಮಿಷ ಕೇಳದೆಯೇ ಎದ್ದು ನಿಂತು ಹೇಳಿದರು. ಕೊಡಲು ಹೇಳಿದ್ದು ನಾನೇ, ಕೂತ್ಕೊಳ್ಳಿ ಅಂದರು ಡಾಕ್ಟರು. ಹಾಳೆಯನ್ನು ಎರಡು ಸಲ ಓದಿದರು.

“ನಾನು ಮುಚ್ಚಿಯೇ ಹೋಗಿದ್ದೆ ಮೇಡಂ.”

“ಪರದೆ ಎಳೆದು ಹೋಗಿದ್ರಿ ಸರ್. ಬಾಗಿಲು ತೆಗೆದೇ ಇತ್ತು.”

ಡಾಕ್ಟರು ಹಾಳೆಯನ್ನು ಮೇಜಿನ ಮೇಲಿಟ್ಟರು. ಕೆಳಗೆ ಯಾರೋ ಡ್ರಿಲ್ ಶುರುಮಾಡಿದರು, ಲೋಟದಲ್ಲಿ ಅಲೆ ಎದ್ದಿತು.

“ಒಂದು ಮಾತು ಕೇಳ್ತೀನಿ. ಮಧ್ಯಾಹ್ನ ಫೋನಲ್ಲಿ ಇರೋದು ನಾನೇ ಅಂತ ನಿಮಗೆ ಗೊತ್ತಿತ್ತು. ಆದ್ರೂ ಕೊಡಲಿಲ್ಲ. ಯಾಕೆ?”

“ಗೊತ್ತಿತ್ತು. ಇನ್ನೊಂದು ದಿನ ನೀವಲ್ಲದೋರು ನಿಮ್ಮ ಥರಾನೇ ಮಾತಾಡ್ತಾರೆ ಸರ್. ಅವತ್ತೂ ನಂಗೆ ಗೊತ್ತು ಅಂತಾನೇ ಅನ್ಸುತ್ತೆ.”

ಅತ್ತೆ ಇನ್ನೊಂದು ಹಾಳೆ ಮುಂದಿಟ್ಟರು. ಅದರಲ್ಲಿ ಅವರ ಹನ್ನೊಂದು ನಿಮಿಷ ಎಲ್ಲೆಲ್ಲಿ ಹೋಗುತ್ತದೆ ಅಂತ ಬಿಡಿಸಿ ಬರೆದಿದ್ದರು. ರಿಪೇರಿಗೆ ಐದೂವರೆ, ಅಂದರೆ ಆರ್ನಿಮಿಷಕ್ಕಿಂತ ಕಮ್ಮಿ. ಉಳಿದದ್ದು ವಾಪಸ್ ಫೋನಿಗೆ, ನಂಬರು ಒಪ್ಪಿಸುವುದಕ್ಕೆ, ಇಳಿದದ್ದನ್ನು ಖಚಿತ ಮಾಡಿಕೊಳ್ಳುವುದಕ್ಕೆ. ಇದರಲ್ಲಿ ಯಾವುದನ್ನು ಬಿಡಬೇಕೋ ನೀವೇ ಗೀಟು ಹಾಕಿ ಸರ್ ಅಂತ ಪೆನ್ನು ಕೊಟ್ಟರು. ಡಾಕ್ಟರು ಪೆನ್ನು ಹಿಡಿದುಕೊಂಡು ನಿಂತರು, ಹಾಳೆ ನೋಡಿದರು, ಚಾರ್ಟ್ ನೋಡಿದರು. ಕೆಳಗಿನಿಂದ ನರ್ಸು ಬಂದು ಪೇಷೆಂಟು ಬಾಯಿ ತೆಗೆದುಕೊಂಡು ಕೂತಿದ್ದಾರೆ ಅಂದರು. ಡಾಕ್ಟರು ಹಾಳೆ ಜೇಬಿಗೆ ಹಾಕಿಕೊಂಡು, ಅತ್ತೆಯ ಎದುರಿಗೇ ಹೊಸ ಪಾಸ್‌ವರ್ಡು ಹಾಕಿ, ಅಕೌಂಟು ಬಿಚ್ಚಿಸಿಕೊಂಡು, ಬೇರೇನೂ ಹೇಳದೆ ಇಳಿದುಹೋದರು. ಪೆನ್ನೂ ಹೋಯಿತು. ಆ ಮೇಲಿನ ಎರಡು ಗಂಟೆ ಆರ್ನಿಮಿಷ ಅತ್ತೆಯ ಮುಖ ನೋಡಲಿಲ್ಲ, ಅತ್ತೆ ಯಾರ ಮುಖವನ್ನೂ ನೋಡಲಿಲ್ಲ, ಮೂರು ಕರೆ ಬಂದವು, ಮೂರಕ್ಕೂ ವಾಪಸ್ ಮಾಡಿದರು.

ಹನ್ನೆರಡಕ್ಕೆ ಫೋನು. ಡಾಕ್ಟರು ಆರನೇ ಕ್ಲಿನಿಕ್ಕಿಗೆ ಹೋಗಿದ್ದರು, ಹೊಸ ಮೊಬೈಲಿಗೆ ಕೋಡು ಬರುವ ವ್ಯವಸ್ಥೆ ಇನ್ನೂ ಕೂತಿರಲಿಲ್ಲ, ಒಂದು ಎಕ್ಸ್‌ರೇ ನೋಡಬೇಕಿತ್ತು. ಆರ್ನಿಮಿಷ ತಮ್ಮ ಕೆಲಸ ಬಿಟ್ಟು ಇತ್ತ ತಿರುಗಿದರು.

“ಇಡಿ ಸರ್,” ಅಂದರು ಅತ್ತೆ, “ನಾನೇ ಮಾಡ್ತೀನಿ.”

ಇಟ್ಟರು. ಕಾರ್ಡಿನಲ್ಲಿದ್ದ ಆರನೇ ಕ್ಲಿನಿಕ್ಕಿನ ನಂಬರು ಒತ್ತಿದರು. ಒಂದೇ ರಿಂಗಿಗೆ ಆ ಕಡೆ ಎತ್ತಿದರು, ಎತ್ತಿದವರು ಹಲೋ ಕೂಡ ಅನ್ನಲಿಲ್ಲ, ಪೇಷೆಂಟು ಬಾಯಿ ತೆಗೆದುಕೊಂಡು ಕೂತಿದ್ದಾರೆ ಅಂತಲೂ ಅನ್ನಲಿಲ್ಲ.

“ಹೇಳಿ ಮೇಡಂ. ಬರ್ಕೊಳ್ಳೋಕೆ ನಿಮ್ಮ ಪೆನ್ನೇ ಇದೆ.”

ಅತ್ತೆ ಆರಂಕಿ ಓದಿದರು. ಡಾಕ್ಟರು ಆರಂಕಿಯನ್ನೂ ಒಂದೊಂದಾಗಿ ತಿರುಗಿ ಒಪ್ಪಿಸಿದರು, ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ, ಗೋಡೆಯ ಮೇಲಿರುವ ಚಾರ್ಟ್ ಇಳಿಸಿಬಿಡಿ, ಅಲ್ಲಿ ನಿಮ್ಮ ಹಾಳೆ ಹಾಕಿ, ಗೀಟು ಹಾಕೋಕೆ ನನಗೆ ಯಾವುದೂ ಸಿಗಲಿಲ್ಲ, ಇಬ್ಬರೂ ಇನ್ನು ಹಾಗೇ ಮಾಡಿ ಅಂದರು. ಟ್ರಯಲ್ ಅನ್ನುವ ಮಾತು ಎತ್ತಲೇ ಇಲ್ಲ. ಅತ್ತೆ ಬಿಡುವವರಲ್ಲ, ಹಾಗಾದ್ರೆ ನಾನು ನಾಳೆ ಬರ್ತೀನಾ ಸರ್ ಅಂತ ನೇರವಾಗಿ ಕೇಳಿಯೇಬಿಟ್ಟರು. ನಾಳೆಯಿಂದ ಬರದೇ ಇದ್ದರೆ ಬೋರ್ಡ್ ಖಾಲಿ ಮಾಡೋರು ಯಾರು ಅಂದರಂತೆ ಡಾಕ್ಟರು.

ಫೋನಿಟ್ಟ ಮೇಲೆ ಅತ್ತೆ ಪಟ್ಟಿ ತೆರೆದು ನೋಡುತ್ತ ಕೂತರು. ಡಾಕ್ಟರ ಹೆಸರು ಬಂತು, ಆರನೇ ಕ್ಲಿನಿಕ್ಕಿನಿಂದ, ನಾಲ್ಕು ನಿಮಿಷ ಇತ್ತು. ಆಮೇಲೆ ಆ ಸಾಲು ಪೂರ್ತಿ ಅಳಿಸಿಹೋಯಿತು. ಕಡಿದಿದೆ ಅಂತ ಉಳಿಯಲಿಲ್ಲ, ಡಾಕ್ಟರು ಲಾಗೌಟ್ ಮಾಡಿದ್ದರು.

ಸಾಯಂಕಾಲ ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ, ಬೋರ್ಡು ಉಳೀತು ಅಂತ ಮಾವನಿಗೆ ಹೇಳಿದರು. ಮಾವ ಗಡಿಯಾರ ನೋಡಿ, ಇವತ್ತು ಹನ್ನೆರಡು ನಿಮಿಷ ತಡ ಅಂದರು. ಆರ್ನಿಮಿಷ ವಾಪಸ್ ಫೋನ್ ಮಾಡೋದನ್ನ ಕಲಿಯೋಕೆ ನಿಂತ್ಕೊಂಡಿದ್ರು ರೀ, ಅದಕ್ಕೆ ಅಂದರು ಅತ್ತೆ.